ಮಾಯಕೊಂಡದ ಶಾಲೆಗಳಿಗೆ ಇಂಗ್ಲಿಷ್ ಬೋಧನಾ ಸಾಮಗ್ರಿ: ಒಂದರಿಂದ ಹತ್ತನೇ ತರಗತಿವರೆಗೆ ಯಾವುದು, ಎಲ್ಲಿ, ಹೇಗೆ

ಮಾಯಕೊಂಡ: ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯ ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸುವ ವೇಳೆಗೆ ಹತ್ತು ವರ್ಷ ಇಂಗ್ಲಿಷ್ ಕಲಿತಿರುತ್ತದೆ. ಆದರೂ ಬ್ಯಾಂಕಿನ ಚಲನ್, ಔಷಧದ ಚೀಟಿ ಅಥವಾ ಬಿತ್ತನೆ ಬೀಜದ ಪೊಟ್ಟಣದ ಮೇಲಿನ ನಾಲ್ಕು ಸಾಲುಗಳನ್ನು ಓದಿ ಅರ್ಥ ಹೇಳಲು ಅನೇಕ ಮಕ್ಕಳು ತಡವರಿಸುತ್ತಾರೆ. ಈ ಒಂದು ಕೊರತೆಯೇ ಗ್ರಾಮೀಣ ಪೋಷಕರನ್ನು ಸಾಲ ಮಾಡಿಯಾದರೂ ಮಕ್ಕಳನ್ನು ಖಾಸಗಿ ಶಾಲೆಯ ವಾಹನ ಹತ್ತಿಸುವಂತೆ ಮಾಡುತ್ತಿದೆ. ಊರ ಶಾಲೆಯ ಉಳಿವಿನ ಪ್ರಶ್ನೆ ಇಂಗ್ಲಿಷ್ ಪಾಠದೊಂದಿಗೆ ತಳುಕು ಹಾಕಿಕೊಂಡಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಿಂದ ಇಂಗ್ಲಿಷ್ ಕಲಿಸಲಾಗುತ್ತಿತ್ತು. 2007-08ನೇ ಶೈಕ್ಷಣಿಕ ವರ್ಷದಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷಾ ವಿಷಯವಾಗಿ ಆರಂಭಿಸಲಾಯಿತು. ಶಿಕ್ಷಣ ಮಾಧ್ಯಮದ ಆಯ್ಕೆ ಪೋಷಕರದ್ದೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ನೀತಿ ಇಷ್ಟೆಲ್ಲ ಬದಲಾದರೂ ತರಗತಿಯೊಳಗಿನ ಚಿತ್ರ ಅಷ್ಟೇ ವೇಗದಲ್ಲಿ ಬದಲಾಗಿಲ್ಲ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯ ಪ್ರಕಾರ, ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೇ ತರಗತಿ ಮಕ್ಕಳ ರಾಷ್ಟ್ರೀಯ ಪ್ರಮಾಣ 2016ರಲ್ಲಿ ಶೇ 24.7ರಷ್ಟಿದ್ದರೆ 2022ರಲ್ಲಿ ಶೇ 24.5ರಷ್ಟಿತ್ತು. ಎಂಟನೇ ತರಗತಿಯಲ್ಲಿ ಅದು ಶೇ 45.3ರಿಂದ ಶೇ 46.7ಕ್ಕೆ ಏರಿದೆ, ಅಷ್ಟೆ.

ಸಾಮಗ್ರಿಯ ಕೊರತೆಯೇ ಇದಕ್ಕೆ ಕಾರಣವೆಂದು ಹೇಳುವಂತಿಲ್ಲ. ಉಚಿತ ಪಠ್ಯಪುಸ್ತಕ, ಅಭ್ಯಾಸ ಹಾಳೆ, ಮೊಬೈಲ್‌ನಲ್ಲಿ ತೆರೆದುಕೊಳ್ಳುವ ಪಾಠ, ಪಂಚಾಯಿತಿ ಗ್ರಂಥಾಲಯ ಇವೆಲ್ಲ ಹೋಬಳಿ ಮಟ್ಟದಲ್ಲೂ ಲಭ್ಯ. ಮಗು ತನ್ನ ಮಟ್ಟಕ್ಕೆ ನಿಲುಕುವ ಇಂಗ್ಲಿಷನ್ನು ಸಾಕಷ್ಟು ಪ್ರಮಾಣದಲ್ಲಿ ಕೇಳದೆ, ಓದದೆ ನೇರವಾಗಿ ಬರೆಯಲು ತೊಡಗುವುದೇ ಮೂಲ ತೊಡಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಇಂಗ್ಲಿಷ್ ಬೋಧನೆಯ ಆಧಾರ ಪತ್ರವೂ ಮಗುವಿನ ಸುತ್ತ ಭಾಷೆ ಹೇರಳವಾಗಿ ದೊರೆಯುವ ವಾತಾವರಣ ಇರಬೇಕೆಂಬುದನ್ನೇ ಒತ್ತಿ ಹೇಳಿತ್ತು. ಮಾಯಕೊಂಡ, ಕೊಡಗನೂರು, ಆನಗೋಡು ಭಾಗದ ಶಿಕ್ಷಕರಿಗೂ ಪೋಷಕರಿಗೂ ಉಪಯೋಗವಾಗಲೆಂದು ಈ ದೃಷ್ಟಿಯಿಂದ ತರಗತಿವಾರು ವಿವರವನ್ನು ಇಲ್ಲಿ ನೀಡಲಾಗಿದೆ.

1ರಿಂದ 3ನೇ ತರಗತಿ: ಮೊದಲು ಕಿವಿಗೆ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ 'ನಲಿ-ಕಲಿ' ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಣೆಯಾಗಿ, ಮುಂದೆ ಮೂರನೇ ತರಗತಿಯನ್ನೂ ಒಳಗೊಂಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ, ಕಾರ್ಡುಗಳ ನೆರವಿನಿಂದ ತಮ್ಮ ವೇಗದಲ್ಲಿ ಕಲಿಯುವ ಕ್ರಮವಿದು. ಕನ್ನಡ, ಗಣಿತಗಳಿಗೆ ಒಗ್ಗಿದ ಈ ಕ್ರಮ ಇಂಗ್ಲಿಷ್‌ಗೆ ಪೂರ್ತಿ ಒಗ್ಗುವುದಿಲ್ಲ ಎಂಬುದು ಗಮನಾರ್ಹ. ಕನ್ನಡದ ಕಾರ್ಡು ನೋಡುವ ಮಗುವಿಗೆ ಆ ಮಾತು ಮೊದಲೇ ಬಾಯಲ್ಲಿರುತ್ತದೆ. ಇಂಗ್ಲಿಷ್ ಕಾರ್ಡು ನೋಡುವ ಮಗುವಿಗೆ ಚಿತ್ರ ಗೊತ್ತು, ಮಾತು ಗೊತ್ತಿಲ್ಲ. ಮಾತನ್ನು ಯಾರಾದರೂ ಆಡಿ ತೋರಿಸಬೇಕು.

ಆದ್ದರಿಂದ ಈ ಹಂತದ ಮುಖ್ಯ ಸಾಮಗ್ರಿ ಶಿಕ್ಷಕರ ಧ್ವನಿ. 'ಸ್ಟ್ಯಾಂಡ್ ಅಪ್', 'ಓಪನ್ ದ ಡೋರ್', 'ಗಿವ್ ಮಿ ದ ಚಾಕ್' ಎಂಬಂತಹ ಮೂವತ್ತು-ನಲವತ್ತು ಸೂಚನೆಗಳನ್ನು ದಿನವೂ ತಪ್ಪದೆ ಇಂಗ್ಲಿಷ್‌ನಲ್ಲೇ ಹೇಳಿ, ಮಕ್ಕಳಿಂದ ಮಾಡಿಸಿದರೆ ಸಾಕು. ಮಾತಿಗೆ ಮೈಯಿಂದ ಉತ್ತರಿಸುವ ಈ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ಇದರಲ್ಲಿ ಮಗು ಮಾತನಾಡಲೇಬೇಕೆಂಬ ಒತ್ತಡವಿಲ್ಲ. ಹಿಂದಿನ ಸಾಲಿನ ನಾಚಿಕೆಯ ಹುಡುಗಿಯೂ ಬಾಗಿಲು ತೆರೆದು ಬರಬಲ್ಲಳು. ಹಿಂದೆ ಆಕಾಶವಾಣಿಯಲ್ಲಿ ಶಾಲಾ ಮಕ್ಕಳಿಗಾಗಿ ಪ್ರಸಾರವಾದ 'ಚುಕ್ಕಿ-ಚಿನ್ನ', 'ಕೇಳಿ-ಕಲಿ' ಸರಣಿಗಳು ಕೇಳಿ ಮಾಡುವ ಈ ಅಭ್ಯಾಸವನ್ನು ಹಳ್ಳಿ ಶಾಲೆಗಳಿಗೆ ಪರಿಚಯಿಸಿದ್ದವು.

ಶಿಶುಗೀತೆಗಳ ಬಗ್ಗೆ ಒಂದು ಮಾತು. ಹಿಮ ಬೀಳುವ, ಲಂಡನ್ ಸೇತುವೆ ಕುಸಿಯುವ ಪದ್ಯಗಳನ್ನು ಮಕ್ಕಳು ಕುಣಿದು ಹಾಡುತ್ತಾರೆ ನಿಜ, ಆದರೆ ಅವುಗಳಲ್ಲಿನ ಪದಗಳು ಮರುದಿನ ಬಳಕೆಗೆ ಬರುವುದಿಲ್ಲ. ಮಳೆ, ಬಸ್ಸು, ಎಮ್ಮೆ, ಊಟ ಇವುಗಳ ಬಗ್ಗೆ ಶಿಕ್ಷಕರೇ ಕಟ್ಟಿದ ಎರಡು ಸಾಲು ಹೆಚ್ಚು ಕಾಲ ಉಳಿಯುತ್ತದೆ.

4 ಮತ್ತು 5ನೇ ತರಗತಿ: ನಿಲ್ದಾಣದ ಫಲಕ, ಮನೆಯ ಪದಗಳು

ಓದು-ಬರಹ ನಿಜವಾಗಿ ಆರಂಭವಾಗುವ ಹಂತವಿದು; ಬಹುತೇಕ ಮಕ್ಕಳು ಎಡವುವುದೂ ಇಲ್ಲಿಯೇ. ಕನ್ನಡದಲ್ಲಿ ಬರೆದಂತೆ ಓದುವ ರೂಢಿಯ ಮಗು ಇಂಗ್ಲಿಷ್‌ನಲ್ಲೂ ಅದನ್ನೇ ನಿರೀಕ್ಷಿಸುತ್ತದೆ. ಈ ವ್ಯತ್ಯಾಸವನ್ನು ತೋರಿಸಲು ಮಾಯಕೊಂಡದವರು ದೂರ ಹೋಗಬೇಕಿಲ್ಲ. ಚಿಕ್ಕಜಾಜೂರು-ದಾವಣಗೆರೆ ಮಾರ್ಗದ ಇಲ್ಲಿನ ರೈಲು ನಿಲ್ದಾಣದ ನಾಮಫಲಕ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಊರಿನ ಹೆಸರನ್ನು ಹೇಳುತ್ತದೆ.

ಕನ್ನಡದಲ್ಲಿ 'ಮಾಯಕೊಂಡ' ಎಂದರೆ ನಾಲ್ಕು ಅಕ್ಷರ, ಇಂಗ್ಲಿಷ್‌ನಲ್ಲಿ ಒಂಬತ್ತು. ಆ ಒಂಬತ್ತರಲ್ಲಿ 'ಎ' ಮೂರು ಬಾರಿ ಬರುತ್ತದೆ: 'ಮಾ'ದಲ್ಲಿ ಅದು ದೀರ್ಘ, 'ಯ' ಮತ್ತು 'ಡ'ಗಳಲ್ಲಿ ಹ್ರಸ್ವ. ಇದೇ ಹೆಸರಿನ 'ಡಿ' ಅಕ್ಷರಕ್ಕೆ ಡಕಾರದ ಉಚ್ಚಾರ. ಮುಂದಿನ ದೊಡ್ಡ ನಿಲ್ದಾಣವಾದ ದಾವಣಗೆರೆಯ ಫಲಕದಲ್ಲಿ ಅದೇ 'ಡಿ'ಗೆ ದಕಾರದ ಉಚ್ಚಾರ. ಅಲ್ಲಿನ ಣಕಾರಕ್ಕೂ ಇಲ್ಲಿನ ಅನುಸ್ವಾರಕ್ಕೂ ಒಂದೇ 'ಎನ್'. ದಾವಣಗೆರೆಯನ್ನು ಇಂಗ್ಲಿಷ್‌ನಲ್ಲಿ ನಡುವೆ ಒಂದು 'ಎ' ಸೇರಿಸಿಯೂ ಬಿಟ್ಟೂ ಬರೆಯುವುದುಂಟು. ಹರಿಹರಕ್ಕೆ ಕೊನೆಯ ಸ್ವರವನ್ನೇ ಕೈಬಿಡಲಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಧ್ವನಿ ಇರಬೇಕಿಲ್ಲ ಎಂಬ ಪಾಠವನ್ನು ಮಗು ತನ್ನ ಊರಿನ ಹೆಸರಿನಿಂದಲೇ ಕಲಿತರೆ ಅದು ಸುಲಭವಾಗಿ ಮರೆಯುವಂತಹದ್ದಲ್ಲ. ತೋಳಹುಣಸೆ, ಕೊಡಗನೂರು, ಚಿಕ್ಕಜಾಜೂರುಗಳನ್ನೂ ಸೇರಿಸಿದರೆ ಒಂದು ವಾರದ ಕಾಗುಣಿತ ಪಾಠಕ್ಕೆ ಸಾಕಾಗುವಷ್ಟು ಸಾಮಗ್ರಿ ದೊರೆಯುತ್ತದೆ, ಖರ್ಚಿಲ್ಲದೆ.

ಎರಡನೆಯ ಸಾಮಗ್ರಿ ಮಕ್ಕಳ ಬಾಯಲ್ಲಿಯೇ ಇದೆ. ಲೈಟು, ಫ್ಯಾನು, ಸ್ವಿಚ್ಚು, ಮಿಕ್ಸಿ, ಚಾರ್ಜರು ಮನೆಯೊಳಗಿನವು. ಟ್ರ್ಯಾಕ್ಟರು, ಪೈಪು, ಮೋಟಾರು, ಪಂಪ್‌ಸೆಟ್ಟು, ಬೋರ್‌ವೆಲ್ಲು ಹೊಲದವು. ಮೆಕ್ಕೆಜೋಳ ಬೆಳೆಯುವ ಈ ಸೀಮೆಯಲ್ಲಿ ಗೊಬ್ಬರದ ಚೀಲ, ಬೀಜದ ಪೊಟ್ಟಣ, ಕೀಟನಾಶಕದ ಡಬ್ಬಿ ಪ್ರತಿ ಮನೆಗೂ ಇಂಗ್ಲಿಷ್ ಪದಗಳನ್ನು ಹೊತ್ತು ತರುತ್ತವೆ (ಖಾಲಿ ಕೀಟನಾಶಕ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಶಾಲೆಗೆ ತರಿಸಕೂಡದು, ಪದವನ್ನು ಶಿಕ್ಷಕರೇ ಬರೆದುಕೊಂಡು ಬಂದರಾಯಿತು). ನಾಲ್ಕನೇ ತರಗತಿಯ ಮಕ್ಕಳಿಗೆ ತಮಗೆ ಗೊತ್ತಿರುವ ಇಂತಹ ಪದಗಳನ್ನು ಪಟ್ಟಿ ಮಾಡಲು ಹೇಳಿದರೆ ನೂರು ದಾಟುವುದು ಕಷ್ಟವಲ್ಲ. 'ನನಗೆ ಇಂಗ್ಲಿಷ್ ಬರುವುದಿಲ್ಲ' ಎಂದುಕೊಂಡ ಮಗುವಿಗೆ ಆ ಪಟ್ಟಿಯೇ ಉತ್ತರ.

ಆದರೆ ಈ ಪದಗಳನ್ನು ಎರಡು ರೀತಿಯಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ. ಒಂದು, ಕೊನೆಯಲ್ಲಿ ನಾವು ಸೇರಿಸುವ ಉಕಾರವನ್ನು ಕಳಚುವುದು: ಬಸ್ಸು ಹೋಗಿ ಬಸ್, ಪೈಪು ಹೋಗಿ ಪೈಪ್. ಇನ್ನೊಂದು ಅರ್ಥದ್ದು. ನಮ್ಮಲ್ಲಿ ಹೋಟೆಲ್ ಎಂದರೆ ತಿಂಡಿ ತಿನ್ನುವ ಜಾಗ, ಇಂಗ್ಲಿಷ್‌ನಲ್ಲಿ ಮುಖ್ಯವಾಗಿ ತಂಗುವ ಜಾಗ. ನಾವು 'ಕರೆಂಟ್ ಹೋಯಿತು' ಎಂದರೆ ಇಂಗ್ಲಿಷ್‌ನವರು 'ಪವರ್' ಹೋಯಿತೆನ್ನುತ್ತಾರೆ. ಬೆಣ್ಣೆ ದೋಸೆಯ ಊರಿನ ಮಕ್ಕಳಿಗೆ ಹೋಟೆಲ್ ಪದದ ಈ ವ್ಯತ್ಯಾಸ ವಿವರಿಸಲು ಉದಾಹರಣೆಗೆ ಕೊರತೆಯಿಲ್ಲ.

ವಾಕ್ಯ ರಚನೆಗೆ ಹಳೆಯ ಕಾಲದ ಪದ ಬದಲಿ ಕೋಷ್ಟಕಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ, ಇಂಗ್ಲಿಷ್‌ನಲ್ಲಿ ಕರ್ತೃವಿನ ಹಿಂದೆಯೇ. ನಮ್ಮ 'ಅಲ್ಲಿ', 'ಇಂದ', 'ಗೆ' ಪದದ ಬಾಲಕ್ಕೆ ಅಂಟಿದರೆ ಅವರ 'ಇನ್', 'ಫ್ರಮ್', 'ಟು' ಪದದ ಮುಂದೆ ನಿಲ್ಲುತ್ತವೆ. ಇಷ್ಟನ್ನು ಕನ್ನಡದಲ್ಲೇ ಒಮ್ಮೆ ಬಿಡಿಸಿ ಹೇಳುವುದರಿಂದ ಸಮಯ ಉಳಿಯುತ್ತದೆಯೇ ಹೊರತು ನಷ್ಟವೇನಿಲ್ಲ.

6 ಮತ್ತು 7ನೇ ತರಗತಿ: ಓದಿನ ಪ್ರಮಾಣ

ಪಠ್ಯಪುಸ್ತಕವೊಂದನ್ನೇ ವರ್ಷವಿಡೀ ಓದಿಸಿದರೆ ಮಗು ಓದುವ ಒಟ್ಟು ಇಂಗ್ಲಿಷ್ ತೀರಾ ಅತ್ಯಲ್ಪ. ಈ ಸಮಸ್ಯೆಯನ್ನು ನೂರು ವರ್ಷ ಹಿಂದೆಯೇ ಗುರುತಿಸಿದವರು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಮೈಕೆಲ್ ವೆಸ್ಟ್. ಬಂಗಾಳದ ಮಕ್ಕಳಿಗೆ ಮೊದಲು ಬೇಕಾದುದು ಓದುವ ಶಕ್ತಿ ಎಂದು ವಾದಿಸಿದ ಅವರು, 1920ರ ದಶಕದಲ್ಲಿ ಸೀಮಿತ ಪದಗಳಲ್ಲಿ ಬರೆದ ಹಂತ ಹಂತದ ಓದುಪುಸ್ತಕಗಳನ್ನು ಸಿದ್ಧಪಡಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು ಎರಡು ಸಾವಿರ ಸಾಮಾನ್ಯ ಪದಗಳ ಪಟ್ಟಿ ಇಂಗ್ಲಿಷ್ ಬೋಧನೆಯಲ್ಲಿ ದೀರ್ಘಕಾಲ ಆಧಾರವಾಗಿ ನಿಂತಿತು.

ಇಂದು ಅಂತಹ ಹಂತವಾರು ಪುಸ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಮಕ್ಕಳ ಕಥೆಗಳು ನಾಲ್ಕು ಹಂತಗಳಲ್ಲಿವೆ. ಅನೇಕ ಕಥೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಅದೇ ಚಿತ್ರಗಳೊಂದಿಗೆ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಚೆನ್ನೈನ ತೂಲಿಕಾ ಪ್ರಕಾಶನ ಹೊರತಂದಿರುವ ದ್ವಿಭಾಷಾ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಎರಡೂ ಭಾಷೆ ಇರುತ್ತದೆ, ಇವಕ್ಕೆ ಬೆಲೆಯುಂಟು.

ಬಳಸುವ ಕ್ರಮ ಸರಳ. ಮೊದಲ ದಿನ ಕಥೆಯನ್ನು ಕನ್ನಡದಲ್ಲಿ ಓದಿಸುವುದು, ಮರುದಿನ ಅದೇ ಕಥೆಯನ್ನು ಇಂಗ್ಲಿಷ್‌ನಲ್ಲಿ ಶಿಕ್ಷಕರು ಗಟ್ಟಿಯಾಗಿ ಓದುವುದು, ಆನಂತರ ಮಕ್ಕಳು ತಾವೇ ಓದಿಕೊಳ್ಳುವುದು. ಪ್ರಶ್ನೋತ್ತರ ಬರೆಸುವ ಆತುರ ಬೇಡ. ಆರನೇ ತರಗತಿಯ ಹುಡುಗನಿಗೆ ಮೊದಲ ಹಂತದ ಕಥೆ ಕೊಟ್ಟರೆ ಅವಮಾನವಾದೀತೆಂಬ ಅಳುಕು ಕೆಲವು ಶಿಕ್ಷಕರಲ್ಲಿದೆ. ಓದಿ ಮುಗಿಸಿದ ಮೊದಲ ಇಂಗ್ಲಿಷ್ ಪುಸ್ತಕ ಎಷ್ಟೇ ಚಿಕ್ಕದಿರಲಿ, ಹುಡುಗರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಎಂಟು ಪುಟದ ಹತ್ತು ಕಥೆಗಳ ಮುದ್ರಣಕ್ಕೆ ತಗಲುವ ವೆಚ್ಚವನ್ನು ಶಾಲಾಭಿವೃದ್ಧಿ ಸಮಿತಿ ಭರಿಸಬಹುದಾದಷ್ಟೇ ಇರುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದು, ಈಗ 'ಅರಿವು ಕೇಂದ್ರ'ಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ಶಾಲೆಗಳು ಮುಚ್ಚಿದ್ದ 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಅಭಿಯಾನ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ಒದಗಿಸಿತು. ಶಿಕ್ಷಕರೊಬ್ಬರು ವಾರಕ್ಕೊಮ್ಮೆ ಮಕ್ಕಳನ್ನು ಕರೆದೊಯ್ದರೆ ಇಂಗ್ಲಿಷ್ ಚಿತ್ರಪುಸ್ತಕಗಳ ಬೇಡಿಕೆಯನ್ನು ಪಂಚಾಯಿತಿಯ ಮುಂದಿಡಲು ಒಂದು ಬಲ ಸಿಗುತ್ತದೆ. ಕೇಳದೆ ಇದ್ದರೆ ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳೇ ಕಪಾಟು ತುಂಬುತ್ತವೆ.

8ರಿಂದ 10: ಪಾಠ, ಪರೀಕ್ಷೆ ಮತ್ತು 'ಪಾಸಿಂಗ್ ಪ್ಯಾಕೇಜ್'

ಪ್ರೌಢಶಾಲೆಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷ್‌ಗೆ ನೂರು ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪತ್ರ ಬರೆಯುವುದು, ನೀಡಿದ ಸುಳಿವುಗಳಿಂದ ವ್ಯಕ್ತಿ ಪರಿಚಯ ಬರೆಯುವುದು, ಚಿತ್ರ ವಿವರಣೆ, ಕಂಠಪಾಠದ ಪದ್ಯ ಇವು ಪ್ರಶ್ನೆಪತ್ರಿಕೆಯಲ್ಲಿ ಕಾಣುವ ಬಗೆಗಳು. ಇದನ್ನು ಆಧರಿಸಿ ಶಿಕ್ಷಕರು ತಾವೇ ಸಿದ್ಧಪಡಿಸಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಕೊಳ್ಳುವ ಕೈಪಿಡಿಗಳಿಗೆ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರು ರೂಢಿಗೆ ಬಂದಿದೆ.

ಈ ಪ್ಯಾಕೇಜನ್ನು ಹಗುರವಾಗಿ ಕಾಣುವುದು ಸುಲಭ. ಆದರೆ ಜನವರಿಯಲ್ಲಿ ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯಲಾಗದ ವಿದ್ಯಾರ್ಥಿ ಮಾರ್ಚ್‌ನಲ್ಲಿ ತೇರ್ಗಡೆಯಾಗಿ ಪಿಯು ಕಾಲೇಜಿನ ಮೆಟ್ಟಿಲು ಹತ್ತುತ್ತಾನೆಂದರೆ ಅದರಲ್ಲಿ ಆ ಶಿಕ್ಷಕರ ಶ್ರಮವಿದೆ. ಇಂಗ್ಲಿಷ್ ಒಂದರಲ್ಲಿ ಅನುತ್ತೀರ್ಣಳಾದ ಹುಡುಗಿಯ ಓದು ಅಲ್ಲಿಗೇ ನಿಂತು ಮದುವೆಯ ಮಾತು ಮೊದಲಾಗುವ ಊರುಗಳಲ್ಲಿ ತೇರ್ಗಡೆಯ ಅಂಕ ಸಣ್ಣ ವಿಷಯವಲ್ಲ. ತೊಂದರೆ ಇರುವುದು ಈ ಪ್ಯಾಕೇಜ್ ಎಂಟನೇ ತರಗತಿಗೂ ಇಳಿದು ಬಂದಾಗ. ಮೂರು ವರ್ಷ ಒಂದೇ ಪತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಕಾಲೇಜಿನಲ್ಲಿ ವಿಜ್ಞಾನ, ವಾಣಿಜ್ಯದ ಇಂಗ್ಲಿಷ್ ಪುಸ್ತಕ ಎದುರಾದಾಗ ಆ ಪತ್ರ ನೆರವಿಗೆ ಬಾರದು. ಎಂಟು, ಒಂಬತ್ತನೇ ತರಗತಿಗಳನ್ನು ಓದಿಗೆ ಮೀಸಲಿಟ್ಟು, ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳಿಗೆ ಪ್ಯಾಕೇಜನ್ನು ಸೀಮಿತಗೊಳಿಸುವುದು ಸರಿಯಾದ ಕ್ರಮವೆನಿಸುತ್ತದೆ.

ಕಳೆದ ದಶಕದಲ್ಲಿ ಬಳಕೆಗೆ ಬಂದ ಹತ್ತನೇ ತರಗತಿಯ ಪಠ್ಯಪುಸ್ತಕ ಸಾಮಗ್ರಿಯ ದೃಷ್ಟಿಯಿಂದ ಬಡವಾದುದಲ್ಲ. ಆರ್.ಕೆ.ನಾರಾಯಣ್ ಅವರ 'ಎ ಹೀರೋ' ಕಥೆಯ ಸ್ವಾಮಿ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದ ಕನ್ನಡಿಗರಿಗೆ ಪರಿಚಿತ. ಪಾಠಕ್ಕೆ ಮುನ್ನ ಆ ದೃಶ್ಯಗಳನ್ನು ತೋರಿಸುವುದು ಫಲಕಾರಿ. ರಸ್ಕಿನ್ ಬಾಂಡ್ ಅವರ ಮರ ಹತ್ತುವ ಅಜ್ಜಿಯ ಪದ್ಯಕ್ಕೆ ಹಳ್ಳಿಯಲ್ಲಿ ಪೀಠಿಕೆಯೇ ಬೇಡ. ಇದೇ ಪುಸ್ತಕದಲ್ಲಿ ವಿ.ಕೃ.ಗೋಕಾಕರ ಇಂಗ್ಲಿಷ್ ಪದ್ಯವೊಂದಿದೆ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ ಗೋಕಾಕರೇ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ನೀಡಬೇಕೆಂಬ 1981ರ ವರದಿಯ ಕರ್ತೃ. ಇಂಗ್ಲಿಷ್ ಬೇಕೋ ಕನ್ನಡ ಬೇಕೋ ಎಂದು ವಾದಕ್ಕಿಳಿಯುವವರು ಈ ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ.ಶ್ರೀಕಂಠಯ್ಯ ಅವರ 'ಇಂಗ್ಲಿಷ್ ಗೀತಗಳು' ಸಂಕಲನದ ಅನುವಾದಗಳನ್ನು ಮೂಲದ ಪಕ್ಕದಲ್ಲಿಟ್ಟು ಓದಿಸಿದರೆ ಒಂಬತ್ತನೇ ತರಗತಿಯ ಆಸಕ್ತ ಮಕ್ಕಳಿಗೆ ಎರಡೂ ಭಾಷೆಗಳ ಪಾಠವಾಗುತ್ತದೆ.

ನಿಘಂಟಿನ ವಿಷಯ: ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಪದ ಹುಡುಕುವವರಿಗೆ 2019ರಲ್ಲಿ ಮುಕ್ತವಾಗಿ ಲಭ್ಯವಾದ ವಿ.ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಮೊಬೈಲ್‌ನಲ್ಲೇ ತೆರೆದುಕೊಳ್ಳುತ್ತದೆ. ತರಗತಿಯಲ್ಲಿ ಮಾತ್ರ ಒಂದು ಮುದ್ರಿತ ಇಂಗ್ಲಿಷ್-ಕನ್ನಡ ನಿಘಂಟು ಇರಲಿ. ಅಕಾರಾದಿಯಲ್ಲಿ ಪದ ಹುಡುಕುವುದೂ ಕಲಿಯಬೇಕಾದ ವಿದ್ಯೆಯೇ.

ರೈಲು ವೇಳಾಪಟ್ಟಿಯಿಂದ ಪಾಠ: ಬೆಂಗಳೂರಿನ ಪ್ರಯೋಗ

ಜಗತ್ತಿನ ಇಂಗ್ಲಿಷ್ ಬೋಧಕರು 'ಬೆಂಗಳೂರು ಪ್ರಾಜೆಕ್ಟ್' ಎಂದು ಕರೆಯುವ ಪ್ರಯೋಗವೊಂದು ನಮ್ಮ ರಾಜ್ಯದಲ್ಲೇ ನಡೆಯಿತೆಂಬುದು ಇಲ್ಲಿನ ಬಹುತೇಕರಿಗೆ ತಿಳಿಯದು. ಎನ್.ಎಸ್.ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮೊದಲಾದೆಡೆಯ ಸಾಧಾರಣ ಶಾಲೆಗಳಲ್ಲಿ ಅದು ಸಾಗಿತು. ವ್ಯಾಕರಣದ ಪಾಠಪಟ್ಟಿ ಇರಲಿಲ್ಲ. ನಕಾಶೆ, ವೇಳಾಪಟ್ಟಿ, ಪ್ರಯಾಣದ ವಿವರಗಳನ್ನು ಮುಂದಿಟ್ಟು ಮಕ್ಕಳಿಂದ ಲೆಕ್ಕ ಹಾಕಿಸಿ, ಯೋಚಿಸಿ ಉತ್ತರ ಹೇಳಿಸಲಾಗುತ್ತಿತ್ತು. ಶಿಕ್ಷಕರು ಮೊದಲು ಅಂತಹದೇ ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಬಿಡಿಸುವುದು, ಬಳಿಕ ಮಕ್ಕಳು ತಾವೇ ಇನ್ನೊಂದನ್ನು ಬಿಡಿಸುವುದು ಅದರ ಕ್ರಮ. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. 1987ರಲ್ಲಿ ಅದು ಪುಸ್ತಕವಾಗಿ ಬಂದಿತು. ಪರೀಕ್ಷೆಯ ಒತ್ತಡವಿರುವ ಪ್ರೌಢಶಾಲೆಯಲ್ಲಿ ಇದನ್ನು ಇಡಿಯಾಗಿ ಅನುಸರಿಸುವುದು ಕಷ್ಟ. ಆದರೂ ವಾರಕ್ಕೊಂದು ಅವಧಿಗೆ ಇದಕ್ಕಿಂತ ಅಗ್ಗದ, ಮಕ್ಕಳನ್ನು ಹಿಡಿದು ಕೂರಿಸುವ ಸಾಮಗ್ರಿ ಬೇರೊಂದಿಲ್ಲ. ಮಾಯಕೊಂಡದಲ್ಲಿ ನಿಲ್ಲುವ ರೈಲುಗಳ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಇಂಗ್ಲಿಷ್‌ನಲ್ಲಿ ಬರೆದು, ಬೆಳಿಗ್ಗೆ ಹತ್ತು ಗಂಟೆಗೆ ಹರಿಹರ ತಲುಪಬೇಕಾದವರು ಯಾವುದನ್ನು ಹತ್ತಬೇಕೆಂದು ಕೇಳಿದರೆ ಏಳನೇ ತರಗತಿಯ ಮಕ್ಕಳೂ ಬಾಯಿ ಬಿಡುತ್ತಾರೆ.

ಶಿಕ್ಷಕರು ಎಲ್ಲಿಗೆ ಹೋಗಬೇಕು

ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅನೇಕರು ಸ್ವತಃ ಐದನೇ ತರಗತಿಯಿಂದ ಇಂಗ್ಲಿಷ್ ಕಲಿತ ತಲೆಮಾರಿನವರು. ಅವರಿಗೆ ನೆರವು ನೀಡುವ ಸಂಸ್ಥೆಯೆಂದರೆ 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಸೇವಾನಿರತ ಶಿಕ್ಷಕರಿಗೆ ಮೂವತ್ತು ದಿನಗಳ ಪ್ರಮಾಣಪತ್ರ ತರಬೇತಿಯನ್ನು ಅದು ನಡೆಸುತ್ತ ಬಂದಿದೆ. ದಾವಣಗೆರೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಹಾಗೂ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಇದರ ಮಾಹಿತಿ ಪಡೆಯಬಹುದು.

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಸಂಕೇತವನ್ನು ಮೊಬೈಲ್‌ಗೆ ತೋರಿಸಿದರೆ 2017ರಲ್ಲಿ ಆರಂಭವಾದ 'ದೀಕ್ಷಾ' ತಾಣದಲ್ಲಿನ ಪೂರಕ ಪಾಠಗಳು ತೆರೆದುಕೊಳ್ಳುತ್ತವೆ. ಗುಣಮಟ್ಟದಲ್ಲಿ ಏರುಪೇರಿದೆ, ಶಿಕ್ಷಕರು ಮೊದಲು ನೋಡಿ ಆರಿಸಿಕೊಳ್ಳುವುದು ಒಳಿತು. ಕೋವಿಡ್ ನಂತರ 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮಕ್ಕಾಗಿ ಮುದ್ರಿಸಿದ ಇಂಗ್ಲಿಷ್ ಅಭ್ಯಾಸ ಹಾಳೆಗಳು ಹಿಂದುಳಿದ ಮಕ್ಕಳಿಗೆ ಮರಳಿ ಬಳಸಲು ಯೋಗ್ಯವಾಗಿವೆ. ಶಾಲೆಯ ಬೀರುವಿನಲ್ಲಿ ಉಳಿದ ಪ್ರತಿಗಳಿದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಬೇಕು.

ಮನೆಯಲ್ಲಿ ಇಂಗ್ಲಿಷ್ ಬಾರದ ಪೋಷಕರೂ ಮಾಡಬಹುದಾದ ಕೆಲಸವೊಂದಿದೆ. ಮಗು ಓದುವಾಗ ಪಕ್ಕದಲ್ಲಿ ಕುಳಿತು, ಆ ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳಿಸುವುದು. ಅರ್ಥ ಹೇಳಲು ಬಾರದ ಪುಟವನ್ನು ಗುರುತು ಮಾಡಿ ಮರುದಿನ ಶಿಕ್ಷಕರಿಗೆ ತೋರಿಸಲು ಹೇಳಿದರೆ, ಪಾಠ ಎಲ್ಲಿ ನಿಂತಿದೆ ಎಂಬುದು ಇಬ್ಬರಿಗೂ ಗೊತ್ತಾಗುತ್ತದೆ.